ಗುಂಡು ಗುಂಡಗಿರಬಾರದು

ಉಡುತಡಿಯ ಉಜ್ಜಪ್ಪನನ್ನು ಊರು ಅರೆಮರುಳ ಎಂದೇ ತೀರ್ಮಾನಿಸಿತ್ತು. ಅಲ್ಲದೆ ಮತ್ತೇನು? ಬರ್ಮಾ ಯುದ್ಧ ಮುಗಿಸಿ ಬಂದವನು ಎಲ್ಲರ ಹಾಗೆ ಉತ್ತು ಬಿತ್ತಿಕೊಂಡು ಇರಬೇಕೋ ಬೇಡವೋ? ಈತ ಮಾತ್ರ ಕಂಡವರನ್ನೆಲ್ಲ ಹಿಡಿದು ನಿಲ್ಲಿಸಿ, "ದೂರ ಹೋಗೋ ಗುಂಡು ಗುಂಡಗಿರಬಾರ್ದು ಕಣ್ರೀ, ಉದ್ದಕಿರಬೇಕು" ಎನ್ನುತ್ತಿದ್ದ.

"ಗುಂಡಗಿಲ್ಲದ್ದನ್ನ ಗುಂಡು ಅಂತ ಯಾಕೆ ಕರೀತಾರ್ರೀ ಮತ್ತೆ?" ಎಂದು ಹೆಂಡತಿ ವರದಮ್ಮ ಒಳಗಿಂದಲೇ ಕೇಳಿದರೆ, ಜಗಲಿಯಲ್ಲಿ ಕೂತವರು ಹೊಟ್ಟೆ ಹಿಡಿದು ನಗುತ್ತಿದ್ದರು.

ಹಂದಿ ಓಡಿಸುವ ಕೇಪಿನ ಕೋವಿಗೆ ಸೀಸ ಕರಗಿಸಿ ಉರುಟು ಗುಂಡು ಎರೆಯುವವನೂ ಅವನೇ. ಆದರೆ ಆ ಗುಂಡು ನಾಲ್ಕು ಬದು ದಾಟುವುದರೊಳಗೆ ಸುಸ್ತು. ಪಲ್ಟನ್ನಿನಲ್ಲಿ ಅವನು ಹಿಡಿದಿದ್ದ ರೈಫಲ್ಲಿನ ಗುಂಡಿಗೆ ಮೂತಿ ಚೂಪು. ನಳಿಗೆಯೊಳಗಿನ ತಿರುಚು ಗೆರೆಗಳು ಅದನ್ನು ಬುಗುರಿಯಂತೆ ತಿರುಗಿಸಿ ಕಳಿಸುತ್ತಿದ್ದವು. ಅಂಥದ್ದೊಂದನ್ನು ಇನ್ನೊಮ್ಮೆ ಹೊಡೆಯಬೇಕು, ಒಂದೇ ಒಂದು ಸಲ. ಹಸಿದವನು ಅನ್ನ ನೆನೆದ ಹಾಗೆ ಅವನು ಅದನ್ನು ನೆನೆಯುತ್ತಿದ್ದ. ಕಣ್ಣಿಗೆ ಪೊರೆ ಬರತೊಡಗಿದ ಮೇಲಂತೂ ಜೀವ ಇನ್ನಷ್ಟು ಚಡಪಡಿಸಿತು. ಪೊರೆಯ ಸುದ್ದಿಯನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಶಿರಾಳಕೊಪ್ಪದ ಜವಳಿ ಸಾಹುಕಾರ ಗಂಗಾಧರಪ್ಪನವರು ಹಳೇ ರೈಫಲ್ಲೊಂದನ್ನು ಕೊಂಡರು. "ಗುಂಡು ನೀನೇ ಆರಿಸಯ್ಯಾ ಉಜ್ಜಪ್ಪ. ಮೊದಲ್ನೇ ಏಟೂ ನಿಂದೇ" ಎಂದರು. ಆ ವಾರವೆಲ್ಲ ಉಜ್ಜಪ್ಪನಿಗೆ ನಿದ್ದೆಯಿಲ್ಲ.

ಬತ್ತಿದ ಕೆರೆಯ ಆಚೆ ದಂಡೆಯಲ್ಲಿ ಗುರಿಗೆಂದು ಸುಣ್ಣ ಬಳಿದ ಮಣ್ಣಿನ ಬಾನಿ ಇಟ್ಟರು. ಊರು ನೆರೆಯಿತು. ಮೊಂಡು ಮೂತಿಯ ತೋಟಾಗಳನ್ನು ಉಜ್ಜಪ್ಪ ಪಕ್ಕಕ್ಕೆ ಸರಿಸಿದ. "ಇವು ಹತ್ರದ ಬೇಟೆಗೆ ಸೈ. ದೂರಕ್ಕೆ ಬಿಟ್ರೆ ಗಾಳೀನೇ ಇವನ್ನ ತಡೀತೈತಿ." ಚೂಪು ಮೂತಿಯವನ್ನು ಬೋರಲು ಹಾಕಿದ ಗಂಗಾಳದ ಮೇಲೆ ಒಂದೊಂದಾಗಿ ಉರುಳಿಸಿ, ಮೂತಿ ಅಲುಗುತ್ತದೋ ಎಂದು ಉಗುರು ತಾಗಿಸಿ ನೋಡಿದ. ಅಲುಗದ ಒಂದನ್ನು ತುಂಬಿ, ನೆಲದ ಮೇಲೆ ಬೋರಲು ಮಲಗಿದ.

ಮಲಗಿದವನು ಮಲಗಿಯೇ ಇದ್ದ.

"ಹೊಡೀರಿ ಮತ್ತೆ!" ಎಂದಳು ವರದಮ್ಮ.

"ಬಾನಿ ಎಲ್ಲೈತೇ?"

"ನಿಮ್ಮ ಮೂಗಿನ ನೇರಕ್ಕೇ ಐತಲ್ರೀ, ಬೆಳ್ಳಗೆ..." ಎಂದವಳು ಗಂಡನ ಕಣ್ಣು ನೋಡಿ ಅಲ್ಲಿಗೇ ಮಾತು ನಿಲ್ಲಿಸಿದಳು.

ಕಾಣದೆ ಹೊಡೆಯುವುದು ಸಿಪಾಯಿಯ ಕೆಲಸವಲ್ಲ. ಉಜ್ಜಪ್ಪ ಎದ್ದು ರೈಫಲ್ಲನ್ನು ಸಾಹುಕಾರರ ಕೈಗಿಟ್ಟ. ಗಾಳಿಗೆ ಕೆನ್ನೆಯೊಡ್ಡಿ, "ಎಡಗಡೆಯಿಂದ ಬೀಸ್ತೈತಿ. ಬಾನಿಯ ಎಡ ಅಂಚಿಗೆ ಗುರಿ ಇಡ್ರಿ. ಉಸಿರು ಬಿಟ್ಟು ನಿಧಾನಕ್ಕೆ ಒತ್ರಿ" ಎಂದ.

ಸಾಹುಕಾರರು ಒತ್ತಿದರು, ಗುಂಡು ಹಾರಿತು. "ಒಡೀತು ಕಣೋ ಉಜ್ಜಪ್ಪಾ! ಭೇಷ್!" ಎಂದು ಜನ ಕೂಗಿದರು. ಸಾಹುಕಾರರು ಅವನನ್ನು ತಬ್ಬಿಕೊಂಡೇಬಿಟ್ಟರು. ಉಜ್ಜಪ್ಪ ನಕ್ಕು ಎಲ್ಲರಿಗೂ ಕೈ ಮುಗಿದ.

ಮನೆಯ ದಾರಿಯಲ್ಲಿ ವರದಮ್ಮ ನಡುಬೀದಿಯಲ್ಲೇ ಗಂಡನ ಕೈ ಹಿಡಿದು ನಡೆಸಿದಳು. ನೋಡುವವರು ನೋಡಲಿ ಎಂದುಕೊಂಡಳು.

"ನಿಮ್ಮ ಗುಂಡು ಭಾಳ ದೂರ ಹೋತ್ರೀ" ಎಂದಳು.

"ಹೋತು." ಉಜ್ಜಪ್ಪ ಕೆರೆಯ ಕಡೆಗೊಮ್ಮೆ ತಿರುಗಿದ. "ನಾನು ಹೊಡೀಬೇಕಿತ್ತು ಕಣೇ."