ಎರಡನೆಯ ಕೂಗು

ದೆವ್ವದ ಕತೆ ಶುರುವಾಯಿತೆಂದರೆ ನನಗೆ ಆಕಳಿಕೆ ಬರುತ್ತಿತ್ತು. ಚಿಕ್ಕಮಗಳೂರಿನಿಂದ ಕಳಸದವರೆಗೆ ಯಾವ ತಿರುವಿನಲ್ಲಿ ನಿಂತು ಕೇಳಿದರೂ ಅಲ್ಲೊಂದು ಬಿಳಿ ಸೀರೆಯ ಕತೆ ಸಿಗುತ್ತದೆ. ಕಂಡವನು ಮಾತ್ರ ಯಾವತ್ತೂ ಹೇಳುವವನಲ್ಲ, ಅವನ ಭಾವನ ಸ್ನೇಹಿತ. ಅಂಥ ನಾನೇ ಈಗ ಇಂಥದ್ದೊಂದನ್ನು ಬರೆಯಲು ಕೂತಿರುವುದು ನನಗೂ ಅಷ್ಟೇನೂ ಹಿತವಾಗಿಲ್ಲ. ನೀವು ನಂಬದಿದ್ದರೆ ನನಗೆ ಸಿಟ್ಟಿಲ್ಲ, ನಿಮ್ಮ ಜಾಗದಲ್ಲಿ ಕೂತಿದ್ದರೆ ನಾನೂ ನಂಬುತ್ತಿರಲಿಲ್ಲ. ಒಂದು ಸಮಾಧಾನವೆಂದರೆ ಇದರಲ್ಲಿ ಬಿಳಿ ಸೀರೆ ಇಲ್ಲ, ಕತ್ತಲೆಯೂ ಇಲ್ಲ. ನಡೆದದ್ದು ಮೂಡಿಗೆರೆಯಲ್ಲಿ, ಊಟ ಮುಗಿದ ಮೇಲಿನ ಬಿಸಿಲಿನಲ್ಲಿ.

ಆಗ ನಾನು ಒಂದು ದಾಖಲಾಗಾರದಲ್ಲಿ ಗುತ್ತಿಗೆ ಕೆಲಸದಲ್ಲಿದ್ದೆ. ನಮ್ಮ ದೇಶದಲ್ಲಿ ರಾಕೆಟ್ ಕೆಲಸ ಕಣ್ಣು ಬಿಡುತ್ತಿದ್ದ ಕಾಲದ ನಕ್ಷೆ, ಪರೀಕ್ಷೆಯ ವರದಿ, ಫೋಟೊ, ಫಿಲ್ಮ್ ಸುರುಳಿಗಳನ್ನು ಕಂಪ್ಯೂಟರಿಗೆ ಇಳಿಸಿ, ಇದೇನು, ಇದರಲ್ಲಿರುವವರು ಯಾರು ಎಂದು ಗುರುತು ಬರೆದಿಡುವುದು ನನ್ನ ಪಾಲಿಗೆ ಬಂದಿತ್ತು. ರಾಕೆಟ್ ಎಂದ ಕೂಡಲೇ ಜನ ಆಕಾಶ ನೋಡುತ್ತಾರೆ. ನಾನು ನೋಡುತ್ತಿದ್ದದ್ದು ಬೂಷ್ಟು ಹಿಡಿದ ಕಾಗದ. ಕೊಳವೆಯ ದಪ್ಪ, ಬೋಲ್ಟಿನ ಅಳತೆ, ಮದ್ದು ಎಷ್ಟು ಹೊತ್ತು ಉರಿಯಿತು, ಎಲ್ಲಿ ಬಿರಿಯಿತು. ಬಿರಿದದ್ದೇ ಹೆಚ್ಚು. ಹಳೆಯ ಫಿಲ್ಮ್ ಡಬ್ಬಿ ತೆರೆದರೆ ವಿನೆಗರಿನ ವಾಸನೆ ಬರುತ್ತದೆ, ದಿನವಿಡೀ ಅದನ್ನೇ ಕುಡಿದು ಸಂಜೆ ಮನೆಗೆ ಹೋದರೆ ಅನ್ನವೂ ಹುಳಿ ಅನ್ನಿಸುತ್ತಿತ್ತು. ಕಣ್ಣು ಸೋತಿತ್ತು, ಬೆನ್ನು ಸೋತಿತ್ತು. ನಿಜ ಹೇಳಬೇಕೆಂದರೆ ಆಸಕ್ತಿಯೂ ಸೋತಿತ್ತು.

ಒಂದು ಸಲ ಗುರುತು ಸಿಗದ ಕೆಲವು ಹಳೆಯ ಫೋಟೊಗಳನ್ನು ನಮ್ಮವರು ಜನರ ಮುಂದಿಟ್ಟು, ಇವರನ್ನು ಬಲ್ಲವರು ತಿಳಿಸಿ ಎಂದು ಕೇಳಿದರು. ಕೆಲವು ದಿನಕ್ಕೆ ಮೂಡಿಗೆರೆಯಿಂದ ಒಂದು ಫೋನು ಬಂತು. ಸಫಿಯಾ ಎಂಬ ಹೆಂಗಸು. ಬಸ್ ಸ್ಟ್ಯಾಂಡಿನ ಹಿಂದೆ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಪಂಪ್‌ಸೆಟ್ ರಿಪೇರಿಯ ವರ್ಕ್‌ಶಾಪ್ ಅವರದ್ದು. ಒಂದು ಫೋಟೊದಲ್ಲಿ ಮರಳಿನ ಹೊಂಡದಲ್ಲಿ ನಿಂತ ಅರ್ಧ ಚಡ್ಡಿಯ ಹುಡುಗ ತನ್ನ ಅಪ್ಪ ಹಸನಬ್ಬ ಎಂದರು. ನಾನು ಸಂತೋಷದಿಂದ ಹೆಸರು ಬರೆದುಕೊಂಡೆ. ಆದರೆ ಅವರು ಫೋನು ಇಡಲಿಲ್ಲ. ಆ ಫೋಟೊ ತೆಗೆದ ದಿನದ ಫಿಲ್ಮ್ ಏನಾದರೂ ಉಂಟಾ ಎಂದು ಕೇಳಿದರು. ಇತ್ತು. ಚಿಕ್ಕ ತುಂಡು, ಶಬ್ದವಿಲ್ಲದ್ದು. ಅನುಮತಿ ಕೇಳಿ ಅದನ್ನು ಅವರ ಫೋನಿಗೆ ಕಳಿಸಿದೆ. ಮರುದಿನ ಮತ್ತೆ ಫೋನು. ಆ ಫಿಲ್ಮನ್ನು ಹಿಡಿದುಕೊಂಡು ನಾನೇ ಒಮ್ಮೆ ಮೂಡಿಗೆರೆಗೆ ಬರಬೇಕಂತೆ. ಕಾರಣವನ್ನು ಬಂದ ಮೇಲೆ ಹೇಳುತ್ತಾರಂತೆ.

ಚಿಕ್ಕಮಗಳೂರಿನಿಂದ ಬಸ್ಸು ಹತ್ತಿದೆ. ಕಾಫಿ ಕೊಯ್ಲಿನ ಕಾಲ, ಬಸ್ಸಿನ ತುಂಬ ಎಸ್ಟೇಟಿಗೆ ಹೋಗುವವರು, ನಿಲ್ಲಲೂ ಜಾಗವಿಲ್ಲ. ಯಾವ ಕರ್ಮಕ್ಕೆ ಹೊರಟೆನಪ್ಪ ಅಂದುಕೊಳ್ಳುತ್ತ ಇಳಿದೆ. ಸಫಿಯಾ ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಂದು, ಬಿಚ್ಚಿಟ್ಟ ಪಲ್ಪರಿನ ಪಕ್ಕದಲ್ಲೇ ಸ್ಟೂಲು ಹಾಕಿ ಕೂರಿಸಿ ವಿಷಯ ಹೇಳಿದರು.

ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ಗೊತ್ತಿರಬೇಕು. ತೋಟದಲ್ಲಿ, ಕಾಡಿನಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲ. ಹಾಗಾಗಿ ಗುಡ್ಡದ ಈಚೆಯಿಂದ ಕೂಗುತ್ತಾರೆ, ಆಚೆಯಿಂದ ಓಗೊಡುತ್ತಾರೆ. ಆದರೆ ಮೊದಲ ಕೂಗಿಗೆ ಓಗೊಡಬಾರದು. ಒಂದೇ ಸಲ ಕೂಗಿ ಸುಮ್ಮನಾಗುವುದು ಮನುಷ್ಯರಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಮನುಷ್ಯನಾದರೆ ಎರಡನೆಯ ಸಲ ಕೂಗಿಯೇ ಕೂಗುತ್ತಾನೆ, ಆಗ ಓಗೊಡು. ನಮ್ಮ ಅಜ್ಜಿ ಅಡುಗೆಮನೆಯಿಂದ ಕರೆದರೂ ನಾವು ಮಕ್ಕಳು ಎರಡನೆಯ ಕರೆಗೆ ಕಾಯುತ್ತಿದ್ದೆವು, ಬೈಸಿಕೊಳ್ಳುತ್ತಿದ್ದೆವು.

ಹಸನಬ್ಬ ಮತ್ತು ಅವರ ಗೆಳೆಯ ಶೀನ ಸಂಸೆಯ ಹತ್ತಿರದ ಒಂದೇ ಎಸ್ಟೇಟಿನಲ್ಲಿ ಬೆಳೆದವರು. ಹಸನಬ್ಬನವರ ಅಪ್ಪ ಅಲ್ಲಿ ಲಾರಿ ಓಡಿಸುತ್ತಿದ್ದರು, ಶೀನನ ಮನೆಯವರು ಕೂಲಿಯಾಳುಗಳ ಲೈನುಮನೆಯಲ್ಲಿದ್ದರು. ಇಬ್ಬರೂ ಒಟ್ಟಿಗೇ ಊರು ಬಿಟ್ಟು, ಕಡಲತೀರದ ಒಂದು ಸಣ್ಣ ಪರೀಕ್ಷಾ ಅಂಗಳದಲ್ಲಿ ಸಹಾಯಕರಾಗಿ ಸೇರಿದ್ದರು. ರಾಕೆಟ್ಟನ್ನು ಹಾರಿಸುವ ಮೊದಲು ಅದರ ಎಂಜಿನನ್ನು ನೆಲಕ್ಕೆ ಬಿಗಿದು ಉರಿಸಿ ನೋಡುವ ಜಾಗ ಅದು. ಸೈರನ್ ಇನ್ನೂ ಬಂದಿರಲಿಲ್ಲ. ಉರಿಸುವ ಮೊದಲು ಒಬ್ಬ ಹೊಂಡದಲ್ಲಿ ನಿಂತು ಕೂಗಬೇಕು. ಅಂಗಳದಲ್ಲಿ ಇನ್ನೂ ಯಾರಾದರೂ ಇದ್ದರೆ ಓಗೊಡಬೇಕು, ಆಗ ಕಾಯುತ್ತಾರೆ. ಓ ಎಂಬ ಸದ್ದು ಬರದಿದ್ದರೆ ಎಲ್ಲರೂ ದೂರ ಹೋಗಿದ್ದಾರೆ ಎಂದು ಲೆಕ್ಕ, ಸ್ವಿಚ್ಚು ಒತ್ತುತ್ತಾರೆ. ಗಂಟಲು ದೊಡ್ಡದೆಂದು ಕೂಗುವ ಕೆಲಸ ಹಸನಬ್ಬನವರಿಗೆ ಬಿತ್ತು. ಎಂಜಿನಿಗೆ ತಂತಿ ಜೋಡಿಸಿ ಕೊನೆಯಲ್ಲಿ ಹೊರಬರುವವನು ಶೀನ. ಮೊದಲ ಕೂಗಿಗೆ ಓಗೊಡದ ಅವನ ಅಭ್ಯಾಸ ಗೊತ್ತಿದ್ದರಿಂದ ಹಸನಬ್ಬ ಯಾವಾಗಲೂ ಎರಡು ಸಲ ಕೂಗುತ್ತಿದ್ದರಂತೆ. ಅಲ್ಲಿಯವರು ಅದನ್ನು ನೋಡಿ ನಗುತ್ತಿದ್ದರಂತೆ.

ಒಂದು ದಿನ ಓಗೊಡುವ ಸದ್ದು ಬರಲಿಲ್ಲ. ಸ್ವಿಚ್ಚು ಒತ್ತಿದರು. ಎಂಜಿನು ಬಿರಿಯಿತು. ಶೀನ ಎಂಜಿನಿನ ಹತ್ತಿರ ಪೇರಿಸಿದ್ದ ಮರಳಿನ ಚೀಲಗಳ ಪಕ್ಕದಲ್ಲೇ ಇದ್ದ, ಉಳಿಯಲಿಲ್ಲ.

ಆ ದಿನ ಎರಡು ಸಲ ಕೂಗಿದೆನೋ, ಅವಸರದಲ್ಲಿ ಒಂದೇ ಸಲ ಕೂಗಿದೆನೋ? ಹಸನಬ್ಬನವರು ಕೆಲಸ ಬಿಟ್ಟು ಊರಿಗೆ ಬಂದರು, ಸ್ಪ್ಯಾನರ್ ಹಿಡಿದರು, ಮದುವೆಯಾದರು, ಮುದುಕರಾದರು. ಈ ಪ್ರಶ್ನೆ ಮಾತ್ರ ಹೋಗಲಿಲ್ಲ. ಆ ಅಪಘಾತದ ವರದಿಯನ್ನು ನಾನೇ ಓದಿದ್ದೆ. ಮದ್ದಿನ ಬಿರುಕು, ಉಕ್ಕಿನ ದೋಷ, ಎಲ್ಲ ಇದೆ. ಎಷ್ಟು ಸಲ ಕೂಗಿದರು ಎಂಬುದಿಲ್ಲ. ಅದನ್ನು ಕೇಳಬೇಕೆಂದು ಆ ಜನಕ್ಕೆ ಹೊಳೆಯುವುದಾದರೂ ಹೇಗೆ? ಬಯಲುಸೀಮೆಯವರಿಗೂ ಕಡಲ ಕಡೆಯವರಿಗೂ ಒಂದು ಕೂಗಿಗೂ ಎರಡು ಕೂಗಿಗೂ ವ್ಯತ್ಯಾಸವಿಲ್ಲ.

“ನೀವು ಕಳಿಸಿದ್ದನ್ನ ನಾನು ನೋಡ್ದೆ. ಒಂದೇ ಸಲ ಉಂಟು” ಎಂದರು ಸಫಿಯಾ. “ಅಪ್ಪನಿಗೆ ಈಗ ಕಣ್ಣು ಕಾಣೋದಿಲ್ಲ, ಬೆಳಕು ಗೊತ್ತಾಗ್ತದೆ ಅಷ್ಟೆ. ಫಿಲ್ಮ್ ಸಿಕ್ಕಿದೆ ಅಂತ ಗೊತ್ತಾದಾಗಿಂದ ಊಟ ಇಲ್ಲ, ನಿದ್ದೆ ಇಲ್ಲ. ಎರಡು ಅಂತ ನಾನು ಹೇಳಿದ್ರೆ ನಂಬೋದಿಲ್ಲ, ಮಗಳಲ್ವಾ. ನಿಮ್ಮ ಬಾಯಲ್ಲಿ ಬಂದ್ರೆ ಅವ್ರಿಗೆ ಸಾಕು.”

ನಾನು ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ. ಫಿಲ್ಮನ್ನು ನಾನು ಎಷ್ಟೋ ಸಲ ನೋಡಿದ್ದೆ. ಹೊಂಡದ ಹುಡುಗ ಎರಡೂ ಕೈಯನ್ನು ಬಾಯಿಗೆ ಹಿಡಿದು ಒಮ್ಮೆ ಕೂಗುತ್ತಾನೆ, ಕೈ ಇಳಿಸುತ್ತಾನೆ, ಅಲ್ಲಿಗೆ ಆ ದೃಶ್ಯ ನಿಲ್ಲುತ್ತದೆ. ಮುಂದಿನದು ಬರೀ ಬಿಳಿ ಹೊಗೆ. ಆ ಕಾಲದಲ್ಲಿ ಫಿಲ್ಮಿಗೆ ಬರಗಾಲ, ಕ್ಯಾಮರಾದವನು ನಡುನಡುವೆ ನಿಲ್ಲಿಸುತ್ತಿದ್ದ. ಅವನು ನಿಲ್ಲಿಸಿದ ಮೇಲೆ ಹುಡುಗ ಇನ್ನೊಮ್ಮೆ ಕೂಗಿರಬಹುದು, ಕೂಗದೆಯೂ ಇರಬಹುದು. ಹಾಗಂತ ಹೇಳಿದರೆ ಸತ್ಯವೇ ಆಗುತ್ತಿತ್ತು. ಆದರೆ ಆ ಸತ್ಯವನ್ನು ಅವರು ಇಷ್ಟು ವರ್ಷ ಹೊತ್ತುಕೊಂಡೇ ಇದ್ದರಲ್ಲ, ಅದನ್ನು ಹೊಸದಾಗಿ ಕೊಡುವುದಕ್ಕೆ ನಾನು ಬಸ್ಸು ಹತ್ತಿ ಬರಬೇಕಿತ್ತೇ?

ಮನೆ ವರ್ಕ್‌ಶಾಪಿನ ಹಿಂದೆಯೇ ಇತ್ತು. ಹಸನಬ್ಬನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬಾಗಿಲ ಬೆಳಕಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದರು. ನನ್ನ ಕೈ ಹಿಡಿದವರು ಬೇಗ ಬಿಡಲಿಲ್ಲ.

“ಮಗಳು ನಿಮಗೆ ಎಂಥದೋ ಹೇಳಿಕೊಟ್ಟಿರ್ತಾಳೆ” ಎಂದರು. “ಅದು ಬೇಡ ಮಾರಾಯ್ರೆ. ನಿಮಗೆ ಎಂಥ ಕಾಣ್ತದೋ ಅದನ್ನೇ ಹೇಳಿ.”

ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಲ್ಯಾಪ್‌ಟಾಪನ್ನು ಎದುರಿನ ಮೇಜಿನ ಮೇಲಿಟ್ಟೆ. ಸಫಿಯಾ ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಫಿಲ್ಮ್ ಶುರು ಮಾಡಿ, ಕಂಡದ್ದನ್ನು ಕಂಡಹಾಗೆ ಹೇಳುತ್ತ ಹೋದೆ. ಮರಳು. ಹಿಂದೆ ತೆಂಗಿನ ಮರ. ಕಬ್ಬಿಣದ ಚೌಕಟ್ಟು, ಅದಕ್ಕೆ ಬಿಗಿದ ಎಂಜಿನು. ಯಾರೋ ಛತ್ರಿ ಹಿಡಿದು ನಡೆದುಹೋದರು. ಎಡಗಡೆ ಚೀಲಗಳು. ಆಮೇಲೆ ಹೊಂಡ ಬಂತು, ಹುಡುಗ ಬಂದ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಹಸನಬ್ಬನವರ ಎರಡೂ ಕೈ ಮೇಲೆದ್ದು ಬಾಯಿಯ ಹತ್ತಿರ ಬಂದವು. ಫಿಲ್ಮಿಗೆ ಶಬ್ದವಿಲ್ಲ, ಅವರಿಗೆ ಕಣ್ಣಿಲ್ಲ. ಪರದೆಯ ಹುಡುಗನ ಕೈ ಎದ್ದದ್ದೂ ಆಗಲೇ. ಹುಡುಗ ಕೂಗಿದ. ಕೈ ಇಳಿಸಿದ. ಇವರ ಕೈಯೂ ಇಳಿಯಿತು.

ಇನ್ನು ಹೊಗೆ ಬರಬೇಕು. ಬರಲಿಲ್ಲ.

ಹುಡುಗ ಹಾಗೇ ನಿಂತಿದ್ದ. ಕತ್ತು ಎತ್ತಿ ಎಡಗಡೆ, ಚೀಲಗಳ ಕಡೆಗೆ ನೋಡಿದ. ನಾನು ಆ ಮುಖವನ್ನು ಅದಕ್ಕೆ ಮೊದಲು ಆ ಕಡೆಯಿಂದ ನೋಡಿರಲೇ ಇಲ್ಲ, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಬೀಡಿ ಕಾಣುತ್ತಿತ್ತು. ಅವನು ಮತ್ತೆ ಎರಡೂ ಕೈಯನ್ನು ಬಾಯಿಗೆ ಹಿಡಿದ. ಕತ್ತಿನ ನರ ಉಬ್ಬುವ ಹಾಗೆ, ಮೊದಲಿಗಿಂತ ಜೋರಾಗಿ, ಉದ್ದವಾಗಿ ಕೂಗಿದ. ನನ್ನ ಪಕ್ಕದಲ್ಲಿ ಮುದುಕರ ಕೈ ಮತ್ತೆ ಎದ್ದು ಬಾಯಿಯ ಹತ್ತಿರ ನಿಂತಿತ್ತು. ಆಮೇಲೆ ಪರದೆ ಬೆಳ್ಳಗಾಯಿತು. ಹೊಗೆ.

ಹೊರಗೆ ಯಾರೋ ಜೀಪಿನ ಎಂಜಿನು ರೇಸ್ ಮಾಡುತ್ತಿದ್ದರು. ಆ ಸದ್ದಿನಲ್ಲಿ ನನ್ನ ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ.

“ಎಂಥ ಅಂದ್ರಿ?” ಎಂದರು ಹಸನಬ್ಬ.

“ಎರಡು ಸಲ. ಎರಡು ಸಲ ಕೂಗಿದೀರಿ.”

“ದೇವರಾಣೆಗೂ?”

“ದೇವರಾಣೆಗೂ” ಎಂದೆ. ದೇವರ ಮೇಲೆ ಆಣೆ ಹಾಕುವವನಲ್ಲ ನಾನು. ಆದರೆ ಆ ಹೊತ್ತಿನಲ್ಲಿ ಒಂದು ಕ್ಷಣವೂ ಅನುಮಾನಿಸಲಿಲ್ಲ.

ಅವರು ಅಳುತ್ತಾರೆ ಅಂದುಕೊಂಡಿದ್ದೆ, ಇಲ್ಲವೇ ನಗುತ್ತಾರೆ ಎಂದು. ಅವರಿಗೆ ಬಂದದ್ದು ಸಿಟ್ಟು. ಬಾಗಿಲಿನ ಕಡೆ ಮುಖ ಮಾಡಿ, ಹೇಳಿದ ಹೊತ್ತಿಗೆ ಬಾರದವನನ್ನು ಗದರಿಸುವ ಹಾಗೆ ಕೇಳಿದರು: “ಎರಡು ಸಲ ಕರ್ದೆ ಅಲ್ವಾ ಶೀನ? ಮತ್ತೆಂತಕ್ಕೆ ಓಗೊಡ್ಲಿಲ್ಲ ಮಾರಾಯ ನೀನು?” ಅದನ್ನೇ ಮತ್ತೆ ಕೇಳಿದರು, ದನಿ ಸಣ್ಣದಾಗುತ್ತ ಹೋಯಿತು. ಸಫಿಯಾ ಅಪ್ಪನ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಹಸನಬ್ಬನವರು ಕಾಫಿ ಕೇಳಿದರು. ಕುಡಿದು, ಕುರ್ಚಿಯಲ್ಲೇ ನಿದ್ದೆ ಹೋದರು. ಬಾಯಿ ತೆರೆದು, ಗೊರಕೆ ಹೊಡೆಯುತ್ತ, ಮೈಮೇಲೆ ಎಚ್ಚರವಿಲ್ಲದ ನಿದ್ದೆ.

ನಾನು ವರ್ಕ್‌ಶಾಪಿಗೆ ಬಂದು ಅದೇ ಸ್ಟೂಲಿನ ಮೇಲೆ ಕೂತು ಫಿಲ್ಮನ್ನು ಮತ್ತೆ ಹಾಕಿದೆ. ಮರಳು, ತೆಂಗಿನ ಮರ, ಛತ್ರಿ, ಹೊಂಡ. ಹುಡುಗ ಒಮ್ಮೆ ಕೂಗಿದ, ಕೈ ಇಳಿಸಿದ, ಹೊಗೆ ಬಂತು. ಮತ್ತೆ ಹಾಕಿದೆ. ಒಂದೇ ಸಲ. ಬೀಡಿ ಇಲ್ಲ, ಎಡಗಡೆ ತಿರುಗಿದ ಮುಖವೂ ಇಲ್ಲ.

ಬಸ್ ಸ್ಟ್ಯಾಂಡಿನವರೆಗೆ ಸಫಿಯಾ ಜೊತೆಗೆ ಬಂದರು. ಬಸ್ಸು ಬಂದಾಗ ಹೇಳಿದರು: “ದೇವರಾಣೆ ಬೇರೆ ಹಾಕಿದ್ರಿ. ನನ್ನಪ್ಪನಿಗೋಸ್ಕರ ಆ ಪಾಪ ನೀವು ಹೊತ್ತುಕೊಂಡ್ರಿ. ನಾನು ಸಾಯೋ ತನಕ ಮರೆಯೋದಿಲ್ಲ.”

ನಾನು ಕಂಡದ್ದನ್ನೇ ಹೇಳಿದ್ದು ಎಂದೆ. ನೀವೂ ನೋಡಿದಿರಲ್ಲ ಎಂದೆ. ಇಲ್ಲವಂತೆ. ಅವರು ಪರದೆ ನೋಡಿರಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದರಂತೆ. “ಹಾಗೇ ಇರ್ಲಿ ಬಿಡಿ” ಎಂದು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ನನ್ನ ತೋಳು ತಟ್ಟಿದರು.

ಆಮೇಲೆ ನಾನು ಮಾಡದ ವಿಚಾರಣೆಯಿಲ್ಲ. ಮೂಲ ಸುರುಳಿಯನ್ನು ತೆಗೆಸಿ ಬೆಳಕಿಗೆ ಹಿಡಿದು ಚಿತ್ರ ಚಿತ್ರವಾಗಿ ನೋಡಿದೆ. ಅಂಟಿಸಿದ ಗುರುತಿಲ್ಲ, ಕಳೆದುಹೋದ ತುಂಡಿಲ್ಲ. ನನ್ನ ಕಣ್ಣು ದಣಿದಿತ್ತು, ಅದು ಹೌದು. ಆ ಮನುಷ್ಯನಿಗೆ ನೆಮ್ಮದಿ ಸಿಗಲಿ ಎಂಬ ಆಸೆ ನನಗೂ ಇದ್ದಿರಬೇಕು, ಆಸೆ ಇದ್ದ ಕಡೆ ಕಣ್ಣು ಏನನ್ನಾದರೂ ಕಾಣುತ್ತದೆ. ಹಸನಬ್ಬನವರ ಕೈ ನೆನಪಿನಿಂದಲೇ ಎದ್ದಿರಬಹುದು. ಇಷ್ಟೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೇಳಿಕೊಂಡು ಮುಗಿದ ಮೇಲೆ ಆ ಕಿವಿಯ ಹಿಂದಿನ ಬೀಡಿ ಹಾಗೇ ಉಳಿದಿರುತ್ತದೆ. ನಿಮ್ಮ ಅಪ್ಪ ಬೀಡಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದರಾ ಎಂದು ಸಫಿಯಾರನ್ನು ಕೇಳಲು ನನಗೆ ಧೈರ್ಯ ಆಗಿಲ್ಲ.

ಹಸನಬ್ಬನವರು ಆಮೇಲೆ ಎರಡು ಮಳೆಗಾಲ ಬದುಕಿದ್ದರು. ಚೆನ್ನಾಗಿ ಉಣ್ಣುತ್ತಿದ್ದರಂತೆ, ಮಲಗಿದರೆ ಬೆಳಗಿನವರೆಗೆ ಏಳುತ್ತಿರಲಿಲ್ಲವಂತೆ. ನಾನು ಆ ಕೆಲಸ ಬಿಟ್ಟೂ ಕೆಲವು ವರ್ಷವಾಯಿತು. ಕೊಯ್ಲು ಮುಗಿದ ಕೂಡಲೇ ಸಫಿಯಾ ಪ್ರತಿ ವರ್ಷ ಕಾಫಿಪುಡಿಯ ಪೊಟ್ಟಣ ಕಳಿಸುತ್ತಾರೆ, ಫೋನು ಮಾಡಿ ನನ್ನ ಆರೋಗ್ಯ ಕೇಳುತ್ತಾರೆ. ಪ್ರತಿ ಸಲವೂ, ನಿಮ್ಮ ಆ ಪಾಪ ನನಗೆ ಬರಲಿ ಅಂತ ನಮಾಜಿನಲ್ಲಿ ಕೇಳ್ತೇನೆ ಎನ್ನುತ್ತಾರೆ. ಮೊದಮೊದಲು, ನಾನು ಸುಳ್ಳು ಹೇಳಿಲ್ಲ ಎನ್ನುತ್ತಿದ್ದೆ. ಈಗ ಹೇಳುವುದಿಲ್ಲ. ಆಗಲಿ ಅಮ್ಮಾ ಎಂದು ಫೋನು ಇಡುತ್ತೇನೆ.