ಗುದ್ಲೆಪ್ಪನ ಎಲೆಯೂ ಬೀಗರ ನಿದ್ದೆಯೂ

ಸವಣೂರಿನ ಗುದ್ಲೆಪ್ಪ ತೋಟಗಳಿಂದ ವೀಳ್ಯದೆಲೆ ಕೊಂಡು ಹಾನಗಲ್ಲು, ಶಿಗ್ಗಾವಿ ಸಂತೆಗಳಿಗೆ ಕಳಿಸುವ ವ್ಯಾಪಾರಿ. ಆದರೆ ಅವನ ಹೆಸರು ಹಬ್ಬಿದ್ದು ಎಲೆಯಿಂದಲ್ಲ, ಗೊರಕೆಯಿಂದ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಹೋಗುತ್ತಿದ್ದರು. ಎಲೆ ಎಣಿಸುತ್ತ ಕೂತಲ್ಲೇ ನಿದ್ದೆ ಹೋಗುತ್ತಿದ್ದ. ಎಚ್ಚರಾದ ಮೇಲೆ ಬಾಯಿಗೆ ಬಂದ ಸಂಖ್ಯೆಯಿಂದ ಎಣಿಕೆ ಮುಂದುವರಿಸುತ್ತಿದ್ದ. ಗಿರಾಕಿಗಳು ಅವನನ್ನು ಎಬ್ಬಿಸುವ ಗೋಜಿಗೆ ಹೋಗುತ್ತಿರಲಿಲ್ಲ.

ಹೆಂಡತಿ ಫಕ್ಕೀರವ್ವ ಗೊರಕೆಗೆ ಎಂದೋ ಒಗ್ಗಿಹೋಗಿದ್ದಳು. ಅವಳ ಜೀವ ಬಾಯಿಗೆ ಬರುತ್ತಿದ್ದುದು ಗೊರಕೆ ನಿಂತಾಗ. ಮಲಗಿದವನ ಉಸಿರೇ ನಡುವೆ ಕಟ್ಟಿ, ಆಮೇಲೆ ಮುಳುಗಿ ಎದ್ದವನಂತೆ ಬುಸ್ಸೆಂದು ಮತ್ತೆ ಶುರುವಾಗುತ್ತಿತ್ತು. ಅವಳೇ ಹಟ ಹಿಡಿದು ಹುಬ್ಬಳ್ಳಿಗೆ ಕರೆದೊಯ್ದಳು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ಮುಖಕ್ಕೆ ಮಾಸ್ಕ್ ಹಾಕಿ ಗಾಳಿ ಊದುವ ಮಶೀನು ಹಚ್ಚಿಕೊಂಡೇ ಮಲಗಬೇಕು ಎಂದರು ಡಾಕ್ಟರು.

"ಮಾರಿಗೆ ಪೈಪ್ ಹಚ್ಚಾಕ ನಾ ಏನ್ ಬೋರ್‌ವೆಲ್ಲೇನ್ರಿ?" ಎಂದು ಗುದ್ಲೆಪ್ಪ ಎದ್ದು ಬಂದುಬಿಟ್ಟ.

ಯಾರದೋ ಮಾತು ಕೇಳಿ ಆಯುರ್ವೇದದ ವೈದ್ಯರೊಬ್ಬರ ಬಳಿ ಹೋದ. ನಿದ್ದೆ ಸರಿಯಿಲ್ಲ ಎಂದನೇ ಹೊರತು ಉಸಿರು ಕಟ್ಟುವ ಸಂಗತಿ ಬಾಯಿಬಿಡಲಿಲ್ಲ. ಅವರು ಚೀಟಿ ಬರೆದು ವಿಜಯಾ ಎಣ್ಣೆ ಕೊಟ್ಟರು. ವಿಜಯಾ ಅಂದರೆ ಮತ್ತೇನಲ್ಲ, ಭಂಗಿ ಸೊಪ್ಪು.

"ರಾತ್ರಿ ಊಟ ಆದ ಮ್ಯಾಲೆ ಒಂದ್ ಎಲಿಗೆ ಒಂದ್ ಹನಿ ಹಾಕ್ಕೊಂಡು ತಿನ್ರಿ. ನನ್ನ ಕೇಳದ ಹೆಚ್ಚು ಮಾಡಬ್ಯಾಡ್ರಿ" ಎಂದರು.

ಸವಣೂರಿನವನಿಗೆ ಹೇಳುವ ಮಾತೇ ಇದು? ಒಂಟಿ ಎಲೆ ತಿಂದವರನ್ನು ಗುದ್ಲೆಪ್ಪ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಜೋಡಿ ಎಲೆ ತೆಗೆದ, ಎಲೆಗೊಂದು ಹನಿ ಹಾಕಿದ. ಕೆಲವು ದಿನ ಸತ್ತಂತೆ ನಿದ್ದೆ. ಆಮೇಲೆ ಮೈ ಒಗ್ಗಿತು, ಎರಡು ಹನಿ ನೀರಿನಂತಾಯಿತು. ಇನ್ನೊಂದು ಜೋಡಿ ಸೇರಿತು, ಮತ್ತೊಂದು ಸೇರಿತು. ಹನಿ ಹೆಚ್ಚಿಸಿದ್ದೇನೆಂದು ಅವನಿಗೆ ಅನ್ನಿಸಲೇ ಇಲ್ಲ. ಎಲೆಗೆ ಒಂದೇ ಹನಿ ತಾನೇ.

"ಈಗ ಉಸರು ಮೊದಲಿಗಿಂತ ಜಾಸ್ತಿ ಹೊತ್ತು ನಿಂದ್ರತೈತ್ರಿ" ಎಂದಳು ಫಕ್ಕೀರವ್ವ.

"ನನಗ ಗೊತ್ತಾಗಿಲ್ಲಂದ್ರ ನಿಂತಿಲ್ಲ ಬಿಡ."

ಮಗಳು ಸುಧಾರಾಣಿಯ ಮದುವೆಯ ದಿನ ಗೊತ್ತುಮಾಡಲು ತಿಳವಳ್ಳಿಯಿಂದ ಬೀಗರು ಪರಮೇಶಪ್ಪನವರು ಬಂದರು. ರಾತ್ರಿ ತಾನು ತಿನ್ನುವ ಎಲೆಗಳನ್ನು ಗುದ್ಲೆಪ್ಪ ಮುಂಜಾನೆಯೇ ಹನಿ ಹಾಕಿ ಮಡಚಿ ತಟ್ಟೆಯಲ್ಲಿಟ್ಟಿದ್ದ. ಮಧ್ಯಾಹ್ನದ ಊಟವಾದೊಡನೆ ಫಕ್ಕೀರವ್ವ ಗೊತ್ತಿಲ್ಲದೆ ಅದೇ ತಟ್ಟೆಯನ್ನು ಬೀಗರ ಮುಂದಿಟ್ಟಳು. ಗುದ್ಲೆಪ್ಪನ ಕೈ ಮುಂದೆ ಹೋಯಿತು, ಅಲ್ಲೇ ನಿಂತಿತು. ಬೀಗರ ಮುಂದಿನ ಎಲೆತಟ್ಟೆ ಹಿಂದಕ್ಕೆ ಎಳೆದುಕೊಂಡರೆ ಸಂಬಂಧ ಉಳಿದೀತೇ? ಅಷ್ಟಕ್ಕೂ ತಾನು ದಿನಾ ತಿಂದೂ ಗಟ್ಟಿಯಾಗಿಲ್ಲವೇ? ಕೈ ಹಿಂದಕ್ಕೆ ತೆಗೆದುಕೊಂಡ. ಬೀಗರು ಸವಣೂರ ಎಲೆಯನ್ನು ಹೊಗಳುತ್ತ ಎರಡು ಜೋಡಿ ತಿಂದರು.

ತಾಸೊಂದು ಕಳೆಯುವಷ್ಟರಲ್ಲಿ ಬೀಗರು ಫ್ಯಾನು ನೋಡಿ ನಗತೊಡಗಿದರು. ತಟ್ಟೆ ತುಂಬ ಖಾರದ ಕುರುಕಲು ತರಿಸಿಕೊಂಡು ಚೊಕ್ಕ ಮಾಡಿದರು. "ದಿನ ನೋಡೂದ್ಯಾಕ್ರಿ, ಮದಿವಿ ಈಗ ಮಾಡಿಬಿಡೂಣು" ಎಂದರು. ಹುಡುಗ ತಿಳವಳ್ಳಿಯಲ್ಲಿದ್ದಾನಲ್ಲ ಎಂದರೆ, "ಅವನ್ಯಾಕ ಬೇಕ್ರಿ?" ಎಂದು ಚಾಪೆಯ ಮೇಲೆ ಅಂಗಾತ ಉರುಳಿದರು. ಗೊರಕೆ ಎದ್ದಿತು. ತಕ್ಕ ಬೀಗರೇ ಸಿಕ್ಕರೆಂದು ಗುದ್ಲೆಪ್ಪನಿಗೆ ಒಳಗೊಳಗೇ ಖುಷಿಯಾಯಿತು.

ಗೊರಕೆ ನಿಂತಿತು. ಎದೆ ಏಳುತ್ತಿದೆ, ಉಸಿರಿಲ್ಲ. ಗುದ್ಲೆಪ್ಪ ಕಾದ. ಭುಜ ಹಿಡಿದು ಅಲ್ಲಾಡಿಸಿದ. ಬುಸ್ಸೆಂದು ಉಸಿರು ಬಂತು, ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. ಅವನು ಹೆಂಡತಿಯನ್ನು ಕೂಗಿ ಕರೆದ.

"ಲೇ, ಆ ಎಲಿಗೆ ಎಣ್ಣಿ ಹಾಕಿದ್ದೆ" ಎಂದ.

ಫಕ್ಕೀರವ್ವ ಬಯ್ಯುತ್ತ ನಿಲ್ಲಲಿಲ್ಲ. ಬೀಗರನ್ನು ಮಗ್ಗಲಿಗೆ ಹೊರಳಿಸಿ ಬೆನ್ನಿಗೆ ಲೋಡು ಕೊಟ್ಟಳು; ಓಣಿಯ ಡಾಕ್ಟರನ್ನು ಕರೆಸಿದಳು. ಬಯ್ಯುವ ಕೆಲಸ ಅವರು ಮಾಡಿದರು.

"ನಿಮಗ ರೂಢಿ ಆಗೇತಿ, ಅವರಿಗೆ ಹೊಸಾದು. ಉಸರು ಕಟ್ಟೋ ಮಂದಿ ಇದನ್ನ ಮುಟ್ಟಬಾರದ್ರಿ, ನೀವೂ ಅಷ್ಟ. ಏಳೂತನಕ ಬಾಜೂಕ ಕುಂತ್ಕೊಂಡು ಉಸರು ನೋಡ್ರಿ."

ಗುದ್ಲೆಪ್ಪ ಬೀಗರ ಮೂಗಿನ ಮುಂದೆ ಕೈ ಹಿಡಿದು ಕೂತ. ಆ ಉಸಿರು ತಡೆದಾಗೆಲ್ಲ ಅವನದೂ ತಡೆಯಿತು. ಅವನಿಗೆ ಅಳುವೇ ಬಂತು.

"ನೀ ದಿನಾ ಹಿಂಗ ಕುಂದರ್ತಿಯೇನ?"

"ಮತ್ತ ಯಾರ್ ಕುಂದರಬೇಕ್ರಿ?" ಎಂದಳು ಫಕ್ಕೀರವ್ವ.



ಸಂಜೆ ಬೀಗರು ಎದ್ದು ಚಹಾ ಕೇಳಿದರು. ಗುದ್ಲೆಪ್ಪ ಇದ್ದದ್ದು ಇದ್ದ ಹಾಗೆ ಹೇಳಿ ಕಾಲಿಗೆ ಬೀಳಲು ಹೋದ.

"ಮದಿವಿ ಏನ್ ಮುರಿಯೂದಿಲ್ರಿ" ಎಂದರು ಪರಮೇಶಪ್ಪನವರು. "ಆದ್ರ ಇನ್ನ ಮ್ಯಾಲೆ ನಿಮ್ಮನಿಗೆ ಬರುವಾಗ ಎಲಿ ನಾನ ತರ್ತೇನಿ."

ಮಾರನೆಯ ದಿನ ಗುದ್ಲೆಪ್ಪ ತಾನಾಗಿಯೇ ಹುಬ್ಬಳ್ಳಿ ಬಸ್ಸು ಹತ್ತಿದ. ಮಶೀನು ಮನೆಗೆ ಬಂದ ದಿನ, ಮಧ್ಯಾಹ್ನದ ಊಟ ಮುಗಿದದ್ದೇ ಮಾಸ್ಕ್ ಕಟ್ಟಿಕೊಂಡು ಮಲಗಿದ. ಗಾಳಿ ಸುಯ್ಯೆನ್ನತೊಡಗಿತು. ಫಕ್ಕೀರವ್ವ ಪಕ್ಕದಲ್ಲಿ ಒರಗಿ, ಉಸಿರು ಎಲ್ಲಿ ನಿಲ್ಲುತ್ತದೋ ಎಂದು ಕಿವಿಗೊಟ್ಟಳು.

"ಇನ್ನ ನೀನೂ ಸ್ವಲ್ಪ ಮಲಕೊ" ಎಂದು ಗುದ್ಲೆಪ್ಪ ಮಾಸ್ಕಿನೊಳಗಿಂದಲೇ ಅಂದ. ಉತ್ತರ ಬರಲಿಲ್ಲವೆಂದು ತಿರುಗಿ ನೋಡಿದರೆ ಅವಳಿಗೆ ಆಗಲೇ ನಿದ್ದೆ ಹತ್ತಿತ್ತು.