ಪೊಟ್ಟಣದ ಹಿಂದಿನ ಗುರುತು

ಅಥವಾ ಆ ಮಿಠಾಯಿ ಪೊಟ್ಟಣ ಹಸಿರು ಬಣ್ಣದ್ದೇ ಆಗಿರಲಿಲ್ಲವೇನೋ. ಹೇಳಿದಾಗಲೆಲ್ಲ ಹಸಿರು ಎನ್ನುತ್ತೇನೆ, ಹೇಳಿ ಹೇಳಿ ಹಸಿರಾಗಿರಬಹುದು. ಹಿಂಬದಿಯಲ್ಲಿ ಪುಟ್ಟ ವೃತ್ತದೊಳಗೆ ಒಂದು ಅಕ್ಷರವಿತ್ತು. ಅದು ಮಾತ್ರ ಖಂಡಿತ.

ಮಾಸ್ಕಿನೊಳಗೆ ನಮ್ಮ ಉಸಿರೇ ನಮಗೆ ನಾರುತ್ತಿದ್ದ ಆ ದಿನಗಳಲ್ಲಿ, ಅಮೆರಿಕದ ಡುಲುತ್‌ನ ಅಂಗಡಿಗಳಲ್ಲಿ ನನಗೂ ಅಜ್ಜಿಗೂ ಒಂದು ಆಟವಿತ್ತು: ಆ ಗುರುತು ಮೊದಲು ಕಂಡವರಿಗೆ ಮಿಠಾಯಿ. ಅದು ಯಹೂದಿಗಳ ಆಹಾರದ ಗುರುತು; ಅದಿದ್ದರೆ ಹಂದಿಯ ಅಂಶ ಇರುವುದಿಲ್ಲ, ನೀವೂ ತಿನ್ನಬಹುದು ಎಂದು ತೋರಿಸಿಕೊಟ್ಟವರು ಪಕ್ಕದ ಮನೆಯ ರೂತ್ ಆಂಟಿ. ಗದಗದಿಂದ ಬಂದ ಅಜ್ಜಿಗೆ ಯಾವ ಲಿಪಿಯೂ ಬರುತ್ತಿರಲಿಲ್ಲ. ಆದರೂ ಗೆಲ್ಲುತ್ತಿದ್ದವಳು ಅವಳೇ.

ಅಜ್ಜಿಯ ಮೂತ್ರಪಿಂಡ ಸೋಲುತ್ತಿತ್ತು. ನಮ್ಮ ಮಸೀದಿಯವರು ಊರ ಹತ್ತಿರ ಖಬರಸ್ತಾನಕ್ಕೆ ಅನುಮತಿ ಕೇಳಿದ್ದರು, ಸುತ್ತಲಿನ ಕೆಲವರು ಬೇಡವೆನ್ನುತ್ತಿದ್ದರು. ಊರಾಡಳಿತದ ವಿಚಾರಣೆಯ ದಿನ ನಮ್ಮ ಪರ ಮಾತಾಡಲು ರೂತ್ ಆಂಟಿಯ ಯಹೂದಿ ಪ್ರಾರ್ಥನಾ ಮಂದಿರದವರು ಒಪ್ಪಿದ್ದರು. ನೀನು ಶುಕ್ರವಾರ ಬಂದು ಹೂ ಹಾಕುವಷ್ಟು ಹತ್ತಿರ ನನ್ನ ಗೋರಿ ಇರಬೇಕು ಎಂದು ಅಜ್ಜಿ ನನಗೆ ಹೇಳುತ್ತಿದ್ದಳು.

ಈದ್‌ಗೆ ಫೋರ್ಟ್ ಮಿಲ್ ಎಂಬ ಊರಿನಿಂದ ಅಪ್ಪನ ತಮ್ಮ, ನನ್ನ ಕಾಕಾ, ಬಂದ. ತುಪ್ಪದಲ್ಲಿ ಶ್ಯಾವಿಗೆ ಹುರಿದ ಘಮ ಮನೆ ತುಂಬಿತ್ತು. ಕಾಕಾನ ಫೋನಿನಲ್ಲಿ ಗಾಜಾದ ಕುಸಿದ ಮನೆಗಳು, ಬಿಳಿ ಬಟ್ಟೆಯಲ್ಲಿ ಸುತ್ತಿದ ಮಕ್ಕಳು. ಕಾಕಾ ಅತ್ತ. ಆ ಅಳು ಸುಳ್ಳಲ್ಲ. ಅದರ ಬೆನ್ನಿಗೇ ಇನ್ನೊಂದು ವಿಡಿಯೊ ತೋರಿಸಿದ: ಆ ಗುರುತಿನ ಹೆಸರಿನಲ್ಲಿ ಯಹೂದಿಗಳು ಗುಟ್ಟಾಗಿ ತೆರಿಗೆ ಎತ್ತುತ್ತಾರಂತೆ, ಈ ಕೊರೋನಾವನ್ನೂ ಅವರೇ ಹಬ್ಬಿಸಿದರಂತೆ. ಹಸಿ ಸುಳ್ಳು. ಕಾಕಾ ನನ್ನ ಮಿಠಾಯಿ ಪೊಟ್ಟಣವನ್ನು ಕಸದ ಡಬ್ಬಿಗೆ ಎಸೆದ.

"ಅಲ್ಲೋ, ರೂತಾ ದಿನಾ ನನಗ ಗುಳಿಗಿ ತಂದು ಕೊಡತಾಳ," ಎಂದಳು ಅಜ್ಜಿ. "ಅದಕ್ಕೂ ತೆರಿಗಿ ಹಾಕ್ಯಾಳೇನು?"

"ನಿನಗ ತಿಳಿಯಂಗಿಲ್ಲ, ಸುಮ್ಮನಿರವ್ವ."

ಅಪ್ಪ ತನ್ನ ಫೋನಿನಿಂದ ತಲೆ ಎತ್ತಲಿಲ್ಲ. ಪ್ರತಿ ಈದ್‌ಗೂ ರೂತ್ ಆಂಟಿಗೆ ಹೋಗುತ್ತಿದ್ದ ಶ್ಯಾವಿಗೆ ಪಾಯಸದ, ಸುರಕುಂಬಾದ, ಬಟ್ಟಲು ಈ ಸಲ ಫ್ರಿಜ್‌ನಲ್ಲೇ ಕೆನೆಗಟ್ಟಿತು.

ಕೆಲವೇ ದಿನಗಳಲ್ಲಿ ಆ ವಿಡಿಯೊ ಮಸೀದಿಯ ವಾಟ್ಸಾಪ್ ಗುಂಪಿನಲ್ಲಿತ್ತು. ಅಲ್ಲಿಂದ ಆಂಟಿಯ ಮಂದಿರದವರಿಗೂ ತಲುಪಿತು. ಆಂಟಿ ಗುಳಿಗೆಯ ಚೀಲ ಹಿಡಿದು ಬಂದು ಬಾಗಿಲಲ್ಲೇ ನಿಂತರು. ತಮ್ಮವರು ಇನ್ನು ವಿಚಾರಣೆಗೆ ಬರುವುದಿಲ್ಲ, ಆದರೆ ಆ ವಿಡಿಯೊ ಸುಳ್ಳೆಂದು ಗುಂಪಿನಲ್ಲಿ ಅಪ್ಪ ಒಂದು ಸಾಲು ಬರೆದರೆ ತಾವೊಬ್ಬರಾದರೂ ಬರುವುದಾಗಿ ಹೇಳಿದರು. ಅಪ್ಪ ಇಂಗ್ಲಿಷಿನಲ್ಲಿ, ನೋಡೋಣ, ಎಂದ. ನೋಡಲಿಲ್ಲ.

ವಿಚಾರಣೆಯಲ್ಲಿ ಆ ವಿಡಿಯೊವನ್ನು ಎತ್ತಿ ತೋರಿಸಿದವರು ಖಬರಸ್ತಾನ ಬೇಡವೆನ್ನುತ್ತಿದ್ದವರು. ಇಂಥವರಿಗೆ ನೆಲ ಕೊಡುತ್ತೀರಾ ಎಂದು ಕೇಳಿದರಂತೆ. ಅವರಿಗೆ ಯಹೂದಿಗಳ ಮೇಲೇನೂ ಪ್ರೀತಿಯಿರಲಿಲ್ಲ. ಅನುಮತಿ ಸಿಗಲಿಲ್ಲ.

ಮುಂದಿನ ಚಳಿಗಾಲ ಅಜ್ಜಿಗೆ ದೂರದ ಜಿಲ್ಲೆಯೊಂದರಲ್ಲಿ, ಹೆದ್ದಾರಿಯ ಸದ್ದಿನಲ್ಲಿ ಮಣ್ಣು ಕೊಟ್ಟೆವು. ಶುಕ್ರವಾರಗಳು ಬಂದು ಹೋಗುತ್ತವೆ. ನಾನು ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ರೂತ್ ಆಂಟಿ ಈಗಲೂ ಪಕ್ಕದಲ್ಲೇ ಇದ್ದಾರೆ. ಕೈ ಬೀಸುತ್ತಾರೆ, ಹತ್ತಿರ ಬರುವುದಿಲ್ಲ. ಅಂಗಡಿಯಲ್ಲಿ ನನ್ನ ಕೈ ತಾನಾಗಿ ಪೊಟ್ಟಣ ತಿರುಗಿಸುತ್ತದೆ, ಗೆಲ್ಲುವವರು ಯಾರೂ ಇಲ್ಲ.

ಕಾಕಾ ಮಸೀದಿಯ ಆ ವಾಟ್ಸಾಪ್ ಗುಂಪಿನಲ್ಲಿ ಇರಲಿಲ್ಲ. ನಮ್ಮ ಮನೆಯಿಂದ ಇದ್ದವನು ಅಪ್ಪನೊಬ್ಬನೇ. ವಿಡಿಯೊ ಬೇರೆ ದಾರಿಯಿಂದಲೂ ಅಲ್ಲಿಗೆ ಬಂದಿರಬಹುದು. ಅಪ್ಪನನ್ನು ಕೇಳಿದರೆ ನೆನಪಿಲ್ಲ ಎನ್ನುತ್ತಾನೆ. ಅವನು ಕಳಿಸಿದನೋ ಇಲ್ಲವೋ, ನನಗೆ ಗೊತ್ತಿಲ್ಲ.